ರಾಶಿ ಏಕೆ ಕೆಂಪು?

ಶಿರಸಿಯಲ್ಲಿ ಮೂರು ದಿನದಿಂದ ಬಿಡದ ಮಳೆ. ಕರೆಂಟು ಬಂದಾಗಲೆಲ್ಲ ಕುಳಿತು, ಅಡಿಕೆ ಧಾರಣೆ ತೋರಿಸುವ ಒಂದು ಹಳೆಯ ಪುಟ ರಿಪೇರಿ ಮಾಡುತ್ತಿದ್ದೇನೆ. ಕೇಳಿದ್ದು ಇಷ್ಟೇ: ‘ರಾಶಿ’ ಎಂಬ ಬಗೆಯ ಅಡಿಕೆಯ ಸಾಲು ಕೆಂಪಾಗಿರಲಿ (ಬೇಯಿಸಿದ ಕೆಂಪಡಿಕೆಯಲ್ಲವೇ!). ಪಿಎಚ್‌ಪಿ ಭಾಷೆಯಲ್ಲಿ ಬರೆದ ಕಡತ ತೆರೆದರೆ ಡೇಟಾಬೇಸ್, ಸರಾಸರಿಯ ಲೆಕ್ಕ, ಟೇಬಲ್ಲಿನ ಟ್ಯಾಗು, ಬಣ್ಣ ಎಲ್ಲವೂ ಒಂದೇ ಹಂಡೆಯಲ್ಲಿ ಬೇಯುತ್ತಿವೆ. ಒಂದು ಉದ್ಧರಣ ಚಿಹ್ನೆ ಬಿಟ್ಟುಹೋಗಿ ಪುಟವೇ ಬೆಳ್ಳಗಾಯಿತು. ಬರೆದವನನ್ನು ಬೈಯೋಣವೆಂದರೆ ಅವನು ನಾನೇ, ಆರು ವರ್ಷದ ಹಿಂದಿನವನು.

ಕೊನೆಗೆ ಎರಡು ಕಡತ ಮಾಡಿದೆ. ಒಂದು ದರ ತಂದು ಲೆಕ್ಕ ಮುಗಿಸಿ ಕೊಡುತ್ತದೆ. ಇನ್ನೊಂದು, ಅಂದರೆ ಟೆಂಪ್ಲೇಟು (ಪುಟದ ಅಚ್ಚು), ಅದನ್ನು ತೋರಿಸುತ್ತದೆ. ಹೊಸದೇನಲ್ಲ, ವೆಬ್ ಹುಟ್ಟುವ ಮೊದಲೇ, 1979ರಲ್ಲಿ, ನಾರ್ವೆಯ ಕಂಪ್ಯೂಟರ್ ವಿಜ್ಞಾನಿ ಟ್ರಿಗ್ವೆ ರೀನ್ಸ್‌ಕೌಗ್ ಎಂವಿಸಿ (ಮಾಡೆಲ್, ವ್ಯೂ, ಕಂಟ್ರೋಲರ್: ಮಾಹಿತಿ, ತೋರಿಕೆ, ನಿಯಂತ್ರಣ ಬೇರೆ ಬೇರೆ ಇರಲಿ) ಎಂದು ಇಂಥದ್ದನ್ನೇ ಹೇಳಿದ್ದರು. ಆದರೆ ಗೆರೆ ಎಳೆಯುವುದೆಲ್ಲಿ? ದರ ಇಳಿದರೆ ಕೆಂಪು ಎಂಬ ನಿಯಮ ಮೊದಲೇ ಇತ್ತು. ‘ಇಳಿದಿದೆ’ ಎನ್ನುವುದು ಲೆಕ್ಕದ ಮಾತು, ‘ಕೆಂಪು’ ತೋರಿಕೆಯದು. ಹಾಗಾಗಿ ಲೆಕ್ಕದ ಕಡತ ಬರೀ ‘ಇಳಿಕೆ’ ಎಂದು ಹೇಳುತ್ತದೆ. ಬಣ್ಣವನ್ನು ಪುಟದ ಅಂದಚೆಂದ ಹೇಳುವ ಸಿಎಸ್‌ಎಸ್ ನೋಡಿಕೊಳ್ಳುತ್ತದೆ. ಟೆಂಪ್ಲೇಟಿನಲ್ಲಿ ಒಂದು ಇಫ್ (ಷರತ್ತು), ಒಂದು ಲೂಪ್ (ಪುನರಾವರ್ತನೆ) ಕೂಡ ಇರಬಾರದೆನ್ನುವ ಮಡಿವಂತರೊಡನೆ ಮಾತ್ರ ನನಗೆ ಜಗಳವಿದೆ. ಸಾಲು ಸಾಲಾಗಿ ತೋರಿಸುವುದೂ ತೋರಿಕೆಯೇ ತಾನೇ?

ಆಯಿ ಚಹಾ ಇಟ್ಟು ಪರದೆ ನೋಡಿದಳು. “ತಮಾ, ರಾಶಿ ಏಕೆ ಕೆಂಪು? ದರ ಬಿದ್ದಿತೇ?”

ಇಳಿಕೆಗೆ ಬೇರೆ ಬಣ್ಣ ಹುಡುಕಬೇಕು. ಸಿಎಸ್‌ಎಸ್‌ನಲ್ಲಿ ಒಂದೇ ಸಾಲಿನ ಕೆಲಸ, ಕರೆಂಟು ಬರಲಿ.