ಸಂದಿನ ಮೇಲೆ ಸಂದು

ಕಳೆದ ವರ್ಷ ಜುಲೈಯಲ್ಲಿ ಒಂದು ರಾತ್ರಿ ನಮ್ಮ ಮನೆಯ ಹಿಂದಿನ ಕಂಪೌಂಡ್ ಗೋಡೆ ಬಿತ್ತು. ಗುಡುಗು ಅಂದುಕೊಂಡು ನಾವ್ಯಾರೂ ಏಳಲಿಲ್ಲ. ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಹೋದ ಅಮ್ಮ ನೋಡಿ ಕೂಗಿದರು. ಮೇಲಿನ ತೋಟದ ಕೆಂಪು ಮಣ್ಣೆಲ್ಲ ಅಂಗಳಕ್ಕೆ ಇಳಿದಿತ್ತು. ಅಮ್ಮನ ಬಸಳೆ ಚಪ್ಪರ ಅದರಡಿಗೆ ಹೋಗಿತ್ತು.

ಉಡುಪಿಯ ಸಂತೆಕಟ್ಟೆ ಹತ್ತಿರ ನಮ್ಮ ಮನೆ. ಹಿಂದಿನ ತೋಟ ನಮ್ಮ ಅಂಗಳಕ್ಕಿಂತ ಎರಡೂವರೆ ಅಡಿ ಎತ್ತರ. ಮಳೆಗಾಲ ಮುಗಿದ ಮೇಲೆ ಬ್ರಹ್ಮಾವರ ಕಡೆಯ ಒಬ್ಬ ಮೇಸ್ತ್ರಿ ಬಂದು ನೋಡಿದರು. ಅರುವತ್ತು ದಾಟಿದವರು. ಬಿದ್ದ ಕಲ್ಲುಗಳ ನಡುವೆ ಸ್ವಲ್ಪ ಹೊತ್ತು ಓಡಾಡಿ, "ಮಾಣಿ, ಇದ್ರಲ್ ನೀರ್ ಹೋಪುಕೆ ದಾರಿಯೇ ಇಲ್ಲ ಕಾಣ್" ಅಂದರು. ಗೋಡೆಯಲ್ಲಿ ಒಂದೇ ಒಂದು ತೂತು ಬಿಟ್ಟಿರಲಿಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ನೀರು ಕುಡಿದು ಉಬ್ಬಿದ ಮಣ್ಣು ಹಿಂದಿನಿಂದ ಒತ್ತಿದರೆ ಗೋಡೆ ಎಷ್ಟು ದಿನ ತಡೆದೀತು?

ಗೋಡೆ ಕಟ್ಟುವಾಗ ನಾನೂ ಕೆಲಸಕ್ಕೆ ಬರುತ್ತೇನೆ, ಕಲಿಸಿಕೊಡಿ ಅಂತ ಕೇಳಿದೆ. ಸುಮ್ನೆ ಕೇಳಿದ್ದಲ್ಲ. ಅಂಗಡಿ ಕೆಲಸ ಬಿಟ್ಟು ಮನೆಯಲ್ಲಿದ್ದೆ, ಕೈಯಲ್ಲಿ ಒಂದು ಕೆಲಸ ಇರಬೇಕು ಅನಿಸಿತ್ತು. ಅವರು ನನ್ನ ಅಂಗೈ ಹಿಡಿದು ನೋಡಿ, "ಏಳೂವರೆಗೆ ತಯಾರಿರು" ಅಂದರು.

ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಪಾಯ ತೋಡಿ ತುಂಬಿದ ಎರಡು ದಿನ ನಾನು ಮಣ್ಣು ಹೊತ್ತದ್ದು ಮಾತ್ರ. ಕರಣೆ ಕೈಗೆ ಸಿಕ್ಕಿದ್ದು ಮೂರನೇ ದಿನ. ಆ ದಿನದ ಬಗ್ಗೆಯೇ ಬರೆಯಬೇಕು.

ಮೊದಲ ಪಾಠ ಮೇಸ್ತ್ರಿಯವರದ್ದಲ್ಲ. ಅವರ ಜೊತೆ ಹದಿನೈದು ವರ್ಷದಿಂದ ಕೆಲಸ ಮಾಡುವ ಅಕ್ಕನದ್ದು. ಸಿಮೆಂಟು ಕಲಸುವುದನ್ನು ಅವರು ಹೇಳಿಕೊಟ್ಟರು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಹೊಯಿಗೆ, ಅಂದರೆ ಮರಳು. ಕಣ್ಣಂದಾಜು ಇಲ್ಲ, ಒಂದೇ ಬುಟ್ಟಿಯಲ್ಲಿ ಅಳೆಯಬೇಕು. ಮೊದಲು ಒಣದ್ದನ್ನೇ ಆಚೆಗೊಮ್ಮೆ ಈಚೆಗೊಮ್ಮೆ ಮಗುಚಬೇಕು, ಎಲ್ಲಿ ನೋಡಿದರೂ ಒಂದೇ ಬಣ್ಣ ಕಾಣುವ ತನಕ. ಆಮೇಲೆ ನಡುವೆ ಗುಂಡಿ ಮಾಡಿ ನೀರು. ನಾನು ನೀರಿನ ಕೊಡ ಎತ್ತಿದ್ದೇ ತಡ, ಅಕ್ಕ ಕೈ ಹಿಡಿದರು. "ಪತ್ರೊಡೆ ಹಿಟ್ಟು ಕಂಡಿದ್ಯಲ್ಲ? ಹಾಂಗೇ ಇರ್ಕ್." ಎಲೆಗೆ ಸವರಿದರೆ ಹರಡಬೇಕು, ಹರಿದು ಹೋಗಬಾರದು, ಅಲ್ವಾ? ಒಂದು ಸಲಕ್ಕೆ ಅರ್ಧ ಚೀಲ ಮಾತ್ರ ಕಲಸುತ್ತಿದ್ದರು. ಕಲಸಿದ್ದು ಒಂದು ಗಂಟೆಯೊಳಗೆ ಮುಗಿಯಬೇಕು. ಬಿಗಿಯಾದದ್ದಕ್ಕೆ ಮತ್ತೆ ನೀರು ಹೊಯ್ದು ಮೆತ್ತಗೆ ಮಾಡಿದರೆ ಅದರಲ್ಲಿ ಹಿಡಿತ ಇರುವುದಿಲ್ಲ.

ನಮ್ಮ ಕಡೆ ಗೋಡೆ ಅಂದರೆ ಮುರಕಲ್ಲು. ಕೋರೆಯಿಂದ ಕಡಿದು ತೆಗೆದಾಗ ಸ್ವಲ್ಪ ಮೆದು, ಗಾಳಿ ಬಿಸಿಲಿಗೆ ಬಿದ್ದಷ್ಟೂ ಗಟ್ಟಿ. 1801ರಲ್ಲಿ ನಮ್ಮ ಕರಾವಳಿಯಲ್ಲೂ ಓಡಾಡಿದ್ದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್, ಕೇರಳದ ಅಂಗಾಡಿಪುರಂನಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುವುದನ್ನು ಕಂಡು ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. 1807ರಲ್ಲಿ ಆ ಹೆಸರು ಅಚ್ಚಾಯಿತು. ಲ್ಯಾಟಿನ್ನಿನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ಹಾಗಾಗಿ ನಾನು ಕಲಿತದ್ದು ಇಟ್ಟಿಗೆ ಕೆಲಸವೇ, ಇಟ್ಟಿಗೆ ಮಾತ್ರ ಒಂದೂವರೆ ಅಡಿ ಉದ್ದದ್ದು, ಎರಡೂ ಕೈಯಲ್ಲಿ ಅವುಚಿ ಎತ್ತಬೇಕಾದ್ದು.

ಮೇಸ್ತ್ರಿಯವರು ಮೊದಲು ಎರಡು ತುದಿಯ ಮೂಲೆಕಲ್ಲು ಇಟ್ಟರು. ಒಂದೊಂದಕ್ಕೂ ಲೆವೆಲ್ ಇಟ್ಟು, ತೂಕದ ಗುಂಡು ಇಳಿಬಿಟ್ಟು ನೋಡಿದರು. ಆಮೇಲೆ ತುದಿಯಿಂದ ತುದಿಗೆ ನೂಲು ಎಳೆದರು. ನಡುವಿನ ಕಲ್ಲೆಲ್ಲ ಆ ನೂಲಿನ ಲೆಕ್ಕದಲ್ಲೇ. ಆದರೆ ಯಾವ ಕಲ್ಲೂ ನೂಲಿಗೆ ತಾಗಬಾರದು. ಒಂದು ಕಲ್ಲು ನೂಲನ್ನು ಚೂರು ದೂಡಿದರೆ ಪಕ್ಕದ್ದನ್ನೂ ನಾವು ಅಲ್ಲಿಗೇ ಇಡುತ್ತೇವೆ, ಗೋಡೆ ಹೊಟ್ಟೆ ಬಿಡುತ್ತದೆ. ನೂಲು ಅಲುಗುತ್ತದಾ ಅಂತ ಅವರು ಆಗಾಗ ಬೆರಳಲ್ಲಿ ಮೀಟಿ ನೋಡುತ್ತಿದ್ದರು.

ಹತ್ತು ಗಂಟೆಯ ಚಾ ಆಯಿತು. ಮೂರನೇ ಸಾಲಿಗೆ ಬಂದಾಗ ಮೇಸ್ತ್ರಿಯವರು ಆ ಕಡೆಯ ಮೂಲೆಯಲ್ಲಿ ಕಲ್ಲು ಕೆತ್ತುತ್ತಿದ್ದರು. ಈ ಕಡೆ ನೀನು ಇಡು ಅಂದರು. ಐದು ಕಲ್ಲು ಇಟ್ಟೆ. ಸುಮಾರು ಮುಕ್ಕಾಲು ಗಂಟೆ ಹಿಡಿಯಿತು. ನೂಲಿಗೆ ಸರಿಯಾಗಿತ್ತು. ಹಿಂದೆ ಸರಿದು ನಿಂತು ನೋಡಿದೆ, ಚಂದ ಕಂಡಿತು.

ಅವರು ಬಂದು ಗೋಡೆಯ ಮುಖ ನೋಡಲೇ ಇಲ್ಲ, ಸಂದು ನೋಡಿದರು. ಎರಡು ಕಡೆ ನನ್ನ ಸಂದು ಕೆಳಗಿನ ಸಾಲಿನ ಸಂದಿನ ನೇರಕ್ಕೇ ಬಂದಿತ್ತು. "ಸಂದಿನ್ ಮೇಲ್ ಸಂದ್ ಬಪ್ಪುಕಾಗ." ಕೆಳಗಿನ ಎರಡು ಕಲ್ಲಿನ ಮೇಲೂ ಮೇಲಿನ ಕಲ್ಲು ಕೂತರೆ ಭಾರ ಹಂಚಿ ಹೋಗುತ್ತದೆ. ನೇರ ಬಂದರೆ ಮೇಲಿಂದ ಕೆಳಗಿನವರೆಗೆ ಒಂದೇ ಬಿರುಕಿಗೆ ನಾವೇ ದಾರಿ ಮಾಡಿಟ್ಟ ಹಾಗೆ. ಸಾಲು ಬಿಟ್ಟು ಸಾಲಿಗೆ ತುದಿಯಲ್ಲಿ ಅರೆಕಲ್ಲು ಇಟ್ಟು ಶುರು ಮಾಡುವುದು ಇದಕ್ಕೇ ಅಂತ ಆಗ ಗೊತ್ತಾಯಿತು.

"ಕಲ್ಲಿಗ್ ನೀರ್ ಕುಡ್ಸಿದ್ಯಾ?"

"ಇಲ್ಲ ಅಣ್ಣಯ್ಯ."

ಅವರು ನನ್ನ ಕೊನೆಯ ಕಲ್ಲನ್ನು ಎತ್ತಿ ಮಗುಚಿ ಹಾಕಿದರು. ಅದರ ಅಡಿ ಕಂಡಿತು. ಅಂಚಿನ ಸುತ್ತ ಮಾತ್ರ ಒಂದು ಬೂದು ಗೆರೆ. ನಡುವೆ ಕಲ್ಲು ಕಲ್ಲಾಗಿಯೇ ಇತ್ತು, ಅದರ ತೂತುಗಳೆಲ್ಲ ಖಾಲಿ. ಕೆಳಗಿನ ಸಾಲಿನ ಮೇಲಿದ್ದ ಗಾರೆಯನ್ನು ಬೆರಳಲ್ಲಿ ಮುಟ್ಟಿದೆ. ಉಪ್ಪಿಟ್ಟಿನ ಹಾಗೆ ಉದುರಾಗಿತ್ತು. ಒಣಕಲ್ಲು ಅದರ ನೀರೆಲ್ಲ ಹೀರಿತ್ತು. ಆಮೇಲೆ ಅವರು ಆಗಷ್ಟೇ ತಾವಿಟ್ಟ ಒಂದು ಕಲ್ಲನ್ನೂ ಎತ್ತಿದರು. ಬೇಕಂತಲೇ, ನನಗೆ ತೋರಿಸಲಿಕ್ಕೆ. ಅದು ಸುಲಭಕ್ಕೆ ಏಳಲಿಲ್ಲ. ಎದ್ದಾಗ ಅರ್ಧ ಗಾರೆ ಕಲ್ಲಿಗೆ ಅಂಟಿಕೊಂಡು ಬಂತು, ಅರ್ಧ ಕೆಳಗೇ ಉಳಿಯಿತು. ಒಂದೊಂದು ತೂತಿನ ಒಳಗೂ ಬೂದು ಬಣ್ಣ ಹೊಕ್ಕಿತ್ತು. ಇಟ್ಟ ಕಲ್ಲನ್ನು ಕಲಿಯುವವನಿಗಾಗಿ ತೆಗೆದು ತೋರಿಸುವ ಮೇಸ್ತ್ರಿ ಎಲ್ಲರಿಗೂ ಸಿಗುವುದಿಲ್ಲ.

"ಐದೂ ತೆಗಿ" ಅಂದರು. ಬೈಯಲಿಲ್ಲ.

ತೆಗೆದೆ. ಕೆರೆದೆ, ತೊಳೆದೆ, ನೀರು ಹೊಯ್ದೆ. ಕಲ್ಲಿನ ಮೇಲೆ ನೀರು ನಿಲ್ಲಬಾರದು, ಕಲ್ಲು ಒಣಗಿಯೂ ಇರಬಾರದು. ನೀರು ಇಂಗಿ ಬಣ್ಣ ಕಪ್ಪು ತಿರುಗಿದಾಗ ಹದ. ಅರ್ಧ ಇಂಚಿಗಿಂತ ಸ್ವಲ್ಪ ದಪ್ಪಕ್ಕೆ ಗಾರೆ ಹಾಸಿ, ಕರಣೆಯ ಮೊನೆಯಲ್ಲಿ ಉದ್ದಕ್ಕೆ ಗೀರು ಎಳೆದು, ಕಲ್ಲನ್ನು ಮೇಲಿಂದ ನೇರ ಇಳಿಸಿ, ಆಚೀಚೆ ಒಂದು ಚೂರು ಅಲುಗಿಸಿ ಒತ್ತಬೇಕು. ಬದಿಯಿಂದ ಗಾರೆ ಹೊರಗೆ ಬಂದರೆ ಅಡಿ ತುಂಬಿತು ಅಂತ ಲೆಕ್ಕ. ಊಟಕ್ಕೆ ಮೊದಲು ಮೂರು ಕಲ್ಲು ಇಟ್ಟೆ. ಗಂಜಿ, ಒಣಮೀನು ಚಟ್ನಿ ಮುಗಿಸಿ ಬಂದು ಇನ್ನೆರಡು.

ಆ ಸಾಲಿನಲ್ಲೇ ಪೈಪು ಕೂರಿಸಿದ್ದು. ನಾಲ್ಕು ಅಡಿಗೊಂದು, ಮುಂದಕ್ಕೆ ಸ್ವಲ್ಪ ಇಳಿಜಾರಾಗಿ. ಹಿಂದಿನ ಬದಿಗೆ ದಪ್ಪ ಜಲ್ಲಿ, ಮಣ್ಣು ಬಂದು ಕಟ್ಟದ ಹಾಗೆ. ಒಟ್ಟು ಏಳು ಪೈಪು. ಬಿದ್ದ ಗೋಡೆಯಲ್ಲಿ ಇಲ್ಲದೇ ಇದ್ದದ್ದು ಇಷ್ಟೇ, ಒಂದು ಉದ್ದದ ಪೈಪಿನ ಕೆಲವು ತುಂಡು. ಅದನ್ನು ಯೋಚಿಸಿದರೆ ಈಗಲೂ ಸಂಕಟ ಆಗುತ್ತದೆ.

ಸಂಜೆ ಐದಕ್ಕೆ ಕೆಲಸ ನಿಲ್ಲಿಸಿದರು. ಇನ್ನೂ ಬೆಳಕಿತ್ತು, ಇನ್ನೊಂದು ಸಾಲು ಏರಿಸಬಹುದಿತ್ತು. ಬೇಡ ಅಂದರು. ಹಸಿ ಗೋಡೆಯ ಮೇಲೆ ಒಂದೇ ದಿನ ಭಾರ ಹೇರಿದರೆ ಕೆಳಗಿನ ಸಂದು ಕುಸಿಯುತ್ತದೆ. ಬೆರಳ ತುದಿಗಳೆಲ್ಲ ಸಿಮೆಂಟಿಗೆ ಸುಟ್ಟು ಚರ್ಮ ಏಳುತ್ತಿತ್ತು. ಅಕ್ಕ ತನ್ನ ಚೀಲದಿಂದ ತೆಂಗಿನೆಣ್ಣೆಯ ಸಣ್ಣ ಬಾಟ್ಲಿ ತೆಗೆದು ಕೊಟ್ಟರು. ಅವರ ಬೆರಳು ನೋಡಿದೆ. ತುದಿಯಲ್ಲಿ ಗೆರೆಗಳೇ ಇರಲಿಲ್ಲ, ನಯವಾಗಿತ್ತು. ಹದಿನೈದು ವರ್ಷದ ಸಿಮೆಂಟು.

ಗೋಡೆ ಮುಗಿದ ಮೇಲೆ ಹತ್ತು ದಿನ ಗೋಣಿ ಹೊದೆಸಿ ಬೆಳಿಗ್ಗೆ ಸಂಜೆ ನೀರು ಹೊಯ್ದೆ. ಈಗ ಅವರ ಜೊತೆಗೇ ಕೆಲಸಕ್ಕೆ ಹೋಗುತ್ತಿದ್ದೇನೆ.

ಮೇ ಕೊನೆಗೆ ಮೊದಲ ದೊಡ್ಡ ಮಳೆ ಬಂತು. ಕೊಡೆ ಹಿಡಿದು ಹಿಂದೆ ಹೋದೆ. ಆರು ಪೈಪಿನಲ್ಲಿ ನೀರು ಇಳಿಯುತ್ತಿತ್ತು, ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ಒಂದರಲ್ಲಿ ಇಲ್ಲ. ಬಗ್ಗಿ ನೋಡಿದರೆ ಕುಂಬಾರ ಹುಳ ಬಾಯಿಗೆ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಹಿಡಿಸೂಡಿಯ ಕಡ್ಡಿಯಲ್ಲಿ ಮೆಲ್ಲ ಬಿಡಿಸಿದೆ. ಒಳಗೆ ನಿಂತಿದ್ದ ನೀರು ಒಮ್ಮೆಲೇ ನನ್ನ ಕಾಲ ಮೇಲೆ ಬಿತ್ತು, ತಣ್ಣಗೆ.