ಮುಳುಗಡೆ ಚಿತ್ರಗಳು: ಗೋಡೆ ಕೆಲಸ ಎಲ್ಲಿಗೆ ಬಂತು

ಕಳೆದ ಸಲ ಬರೆದಾಗ ಬರೀ ಪೆನ್ಸಿಲ್ ಸ್ಕೆಚ್‌ಗಳಿದ್ದವು. ಈಗ ದೊಡ್ಡ ಚಿತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗಿದಿವೆ. ವಿಷಯ ಅದೇ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮನೆಗಳು. ಆದರೆ ನೀರಿನ ಚಿತ್ರಗಳನ್ನೆಲ್ಲ ಪ್ರದರ್ಶನದಿಂದ ತೆಗೆದಿದ್ದೇನೆ.

ಯಾಕೆ ಅಂದ್ರೆ, ಹಿನ್ನೀರು ನೋಡೋಕೆ ತುಂಬಾ ಚೆಂದ. ಮೊದಲು ಶರಾವತಿಗೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು, ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂದು ಆ ಹಳೇ ಕಟ್ಟೆಯನ್ನೇ ಮುಳುಗಿಸಿತು. ಮಳೆ ಕಮ್ಮಿಯಾದ ವರ್ಷ ಬೇಸಿಗೆಯಲ್ಲಿ ಅದು ಮತ್ತೆ ಮೇಲೆ ಕಾಣುತ್ತದೆ, ಸುತ್ತ ಒಣಗಿ ನಿಂತ ಮರದ ಬೊಡ್ಡೆಗಳು. ಅದನ್ನು ಹೇಗೆ ಬರೆದರೂ ನೋಡಿದವರು "ಎಂಥ ಜಾಗ, ಒಮ್ಮೆ ಹೋಗಬೇಕು" ಅನ್ನುತ್ತಿದ್ದರು. ಅಲ್ಲಿಂದ ಎದ್ದು ಬಂದವರ ನೋವು ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

ಹಾಗಾಗಿ ಈಗ ಬರೀ ಗೋಡೆಗಳು. ಮನೆ ಬಿಡುವಾಗ ಬಾಗಿಲು, ತೊಲೆ, ಹೆಂಚು ಎಲ್ಲ ಗಾಡಿಗೆ ಹೇರಿಕೊಂಡು ಬಂದೆವು ಅಂತ ಅಜ್ಜಿ ಹೇಳುತ್ತಿದ್ದರು. ಮಣ್ಣಿನ ಗೋಡೆ ತರೋಕಾಗಲ್ಲ ಅಲ್ವಾ. ಅದರ ಮೇಲೆ ಅವರ ಮದುವೆಗೆ ಬರೆದ ಹಸೆ ಚಿತ್ತಾರ ಇತ್ತು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರೇ ಹಾಡು ಹೇಳ್ತಾ ಬರೆಯೋದು, ಮದುಮಕ್ಕಳು ಅದರ ಎದುರಿಗೇ ಕೂರೋದು. ನನ್ನ ಮಟ್ಟಿಗೆ ಆ ಮನೆಯಲ್ಲಿ ಕಳೆದುಹೋದ ವಸ್ತು ಅಂದ್ರೆ ಅದೇ.

ಕ್ಯಾನ್ವಾಸ್ ಕೂಡ ಬಿಟ್ಟೆ. ಆರು ಅಡಿಗೆ ನಾಲ್ಕಡಿ ಪ್ಲೈವುಡ್, ಅದರ ಮೇಲೆ ಗೋಣಿತಾಟು ಅಂಟಿಸಿ, ಕೆಮ್ಮಣ್ಣು, ಸಗಣಿ, ಸ್ವಲ್ಪ ಫೆವಿಕಾಲ್ ಕಲಸಿ ಬಳಿಯೋದು. ದಪ್ಪ ಬಳಿದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ತೆಳುವಾಗಿ ಬಳಿದು, ಪೂರ್ತಿ ಒಣಗಿದ ಮೇಲೆ ಇನ್ನೊಂದು ಕೈ ಕೊಟ್ಟರೆ ನಿಲ್ಲುತ್ತದೆ.

ಬಣ್ಣ ಹಳೇ ಕ್ರಮದ್ದೇ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕಪ್ಪು ಮಾಡೋದು ನನಗೆ ತುಂಬಾ ಇಷ್ಟ. ಅಕ್ಕಿಯನ್ನು ಬಾಣಲೆಯಲ್ಲಿ ಹುರಿಯುತ್ತಾ ಹೋಗಬೇಕು, ಕೆಂಪಾಗುತ್ತದೆ, ಹೊಗೆ ಬರುತ್ತದೆ, ಮನೆಯವರೆಲ್ಲ ಕೆಮ್ಮೋಕೆ ಶುರು ಮಾಡ್ತಾರೆ, ಅಷ್ಟಾದರೂ ಬಿಡಬಾರದು, ಕಾಳು ಪೂರ್ತಿ ಕರಿಯಾಗಿ ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಆಮೇಲೆ ನೀರಲ್ಲಿ ನೆನೆಸಿ ನುಣ್ಣಗೆ ಅರೆಯೋದು. ಟ್ಯೂಬಿನ ಕಪ್ಪಿಗಿಂತ ಇದು ಮೆತ್ತಗಿರುತ್ತದೆ, ಕೆಮ್ಮಣ್ಣಿನ ಮೇಲೆ ಚೆನ್ನಾಗಿ ಕೂರುತ್ತದೆ.

ಕುಂಚ ಪುಂಡಿ ನಾರಿನದು. ಅಮ್ಮ ಪಕ್ಕದಲ್ಲೇ ಕೂತು "ಕೈ ನಡುಗಿಸ್ಬೇಡ, ಉಸಿರು ಹಿಡ್ಕೊಂಡು ಒಂದೇ ಸಲಕ್ಕೆ ಎಳಿ" ಅಂತಾರೆ. ಉದ್ದದ ಎಳೆಗಳು ಅವರು ಹೇಳಿದ ಹಾಗೆ ಎಳೆದಾಗಲೇ ಸರಿ ಬರೋದು. ಚಿತ್ತಾರದಲ್ಲಿ ಬರುವ ಬಾಸಿಂಗ, ದಂಡಿಗೆ ಎರಡನ್ನೂ ಅವರ ಕೈಯಲ್ಲೇ ಬರೆಸಿದ್ದೇನೆ. ಪ್ರದರ್ಶನದಲ್ಲಿ ಅವರ ಹೆಸರು ನನ್ನ ಹೆಸರಿನ ಜೊತೆಗೇ ಇರುತ್ತದೆ.

ಪ್ರತಿ ಚಿತ್ರದಲ್ಲೂ ಚಿತ್ತಾರದ ಕೆಳಗಿನ ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೇನೆ. ಬಣ್ಣ ಕರಗಿ ಕೆಂಪು ನೀರು ಇಳಿಯುತ್ತದೆ, ಅಲ್ಲಿಗೆ ನಿಲ್ಲಿಸೋದು. ಎಷ್ಟು ಎತ್ತರಕ್ಕೆ ಒರೆಸಬೇಕು ಅನ್ನೋದು ಒಂದೊಂದು ಗೋಡೆಗೂ ಬೇರೆ. ಅಮ್ಮನಿಗೆ ಇದು ನೋಡೋಕಾಗಲ್ಲ, ಒರೆಸುವಾಗ ಎದ್ದು ಹೋಗ್ತಾರೆ. ನಾನೂ ಬಲವಂತ ಮಾಡಲ್ಲ.

ಕೊನೆಯ ಚಿತ್ರ ಮಾತ್ರ ಖಾಲಿ ಕೆಮ್ಮಣ್ಣಿನ ಗೋಡೆ. ಅದರಲ್ಲಿ ಒಂದು ಎಳೆಯೂ ಇಲ್ಲ. ಅರವತ್ತು ವರ್ಷ ದಾಟಿತು, ಎಷ್ಟೋ ಮುಳುಗಡೆ ಸಂತ್ರಸ್ತರಿಗೆ ತಾವು ಕೂತ ಜಾಗದ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ, ದಾಖಲೆಯಲ್ಲಿ ಅದು ಅರಣ್ಯ. ನಾಡಿಗೆಲ್ಲ ಕರೆಂಟು ಕೊಟ್ಟ ಜನ ಇವರು. ಹಿನ್ನೀರು ದಾಟೋಕೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆಗೋಕೂ 2025ರ ಜುಲೈ ಬರಬೇಕಾಯ್ತು, ಅಲ್ಲಿಯವರೆಗೆ ಆಚೆ ದಡದವರು ಲಾಂಚ್ ಕಾಯ್ತಾ ನಿಂತಿದ್ದರು. ಇದನ್ನೆಲ್ಲ ಬೋರ್ಡಿನಲ್ಲಿ ಬರೆದು ಹಾಕು ಅಂತ ಒಬ್ಬ ಗೆಳೆಯ ಹೇಳಿದ. ಬರೆದು ಹಾಕುತ್ತೇನೆ, ಆ ಖಾಲಿ ಗೋಡೆಯ ಪಕ್ಕದಲ್ಲೇ.

ಮೊದಲ ಪ್ರದರ್ಶನ ಸಾಗರದಲ್ಲಿ, ಬೆಂಗಳೂರು ಆಮೇಲೆ ನೋಡೋಣ. ಮನೆ ಬಿಟ್ಟು ಬಂದ ಹಿರಿಯರಲ್ಲಿ ಈಗ ಉಳಿದಿರೋರೇ ಕಮ್ಮಿ, ಅವರು ಮೊದಲು ನೋಡಬೇಕು. ಚಿತ್ರಗಳ ಕೆಳಗೆ ಶೀರ್ಷಿಕೆ ಬದಲು ಮುಳುಗಿದ ಊರಿನ ಹೆಸರು ಹಾಕ್ತಾ ಇದ್ದೇನೆ. ನಿಮ್ಮ ಮನೆಯ ಹಿರಿಯರು ಬಿಟ್ಟು ಬಂದ ಊರು, ಕೇರಿ, ಗದ್ದೆಯ ಹೆಸರು ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಅವರು ಹೇಳುವ ಹಾಗೆಯೇ ಬರೆಯಿರಿ, ನಾನೂ ಹಾಗೇ ಹಾಕುತ್ತೇನೆ.