ಸಂಘದ ಹೆಸರಿಗೆ ಸಭೆ ಕೂತಾಗ

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಸಂಘ ಕಟ್ಟಲು 7 ಜನ ಸಾಕು. ಆ ಏಳು ಜನ ಒಂದು ಹೆಸರಿಗೆ ಒಪ್ಪುವುದೇ ಕಷ್ಟ. ದಾವಣಗೆರೆಯಾಗಲಿ ದುರ್ಗವಾಗಲಿ, ಬಡಾವಣೆಯ ಸಭೆಯಲ್ಲಿ ಒಬ್ಬರು ದೇವರ ಹೆಸರು ಹೇಳುತ್ತಾರೆ, ಇನ್ನೊಬ್ಬರು ಊರ ಹಿರಿಯರದ್ದು, ಮತ್ತೊಬ್ಬರು ಓಬವ್ವ ಅನ್ನುತ್ತಾರೆ. ಅಲ್ಲಿಗೆ ಗಂಟು ಬಿತ್ತು. ‘ಈ ಹೆಸರು ಬೇಡ’ ಅಂದರೆ ಆ ಹಿರಿಯರೇ ಬೇಡ ಅಂದ ಹಾಗೆ ಕೇಳಿಸುತ್ತದೆ, ಬೇಸರ ವರ್ಷಗಟ್ಟಲೆ ಉಳಿಯುತ್ತದೆ.

ಅದಕ್ಕೇ ಹೆಸರು ಕೇಳುವ ಮೊದಲು ಬಗೆ ತೀರ್ಮಾನವಾಗಲಿ: ಜಾಗದ್ದೋ, ವ್ಯಕ್ತಿಯದ್ದೋ, ದೇವರದ್ದೋ. ನಿವಾಸಿಗಳ ಸಂಘಕ್ಕೆ ಜಾಗದ ಹೆಸರೇ ಸರಿ. ಹಿರಿಯರ ಹೆಸರಲ್ಲಿ ವಾಚನಾಲಯ ಮಾಡಿ, ಮಕ್ಕಳಿಗೆ ಬಹುಮಾನ ಕೊಡಿ. ಜಾಗ ಅಂದರೆ ಬಡಾವಣೆ, ಊರು. ಜಿಲ್ಲೆಯನ್ನು ಮಾತ್ರ ಸೇರಿಸಬೇಡಿ. ಹರಪನಹಳ್ಳಿ ತಾಲ್ಲೂಕನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಹೆಸರಲ್ಲಿ ಜಿಲ್ಲೆ ಇಟ್ಟುಕೊಂಡವರು ಅಷ್ಟು ಸಲ ಬೋರ್ಡು, ಸೀಲು ಬದಲಿಸಬೇಕಾಗುತ್ತದೆ.

ಆಮೇಲೆ ಎಲ್ಲರೂ ಚೀಟಿಯಲ್ಲಿ ಹೆಸರು ಬರೆಯಲಿ, ಸೂಚಿಸಿದವರು ಯಾರೆಂದು ಬರೆಯುವುದು ಬೇಡ. ಕೈ ಎತ್ತಿಸಿ ಒಬ್ಬರಿಗೆ ಒಂದೇ ಮತ ಅಂದರೆ ಕೆಡುತ್ತದೆ: 9 ಜನ, 5 ಹೆಸರು, ಮತ 3-2-2-1-1 ಬಿದ್ದರೆ, ಗೆದ್ದ ಹೆಸರು 6 ಜನರ ಆಯ್ಕೆಯೇ ಅಲ್ಲ. ತಮಗೆ ನಡೆಯುವ ಎಲ್ಲ ಹೆಸರಿಗೂ ಗುರುತು ಹಾಕಲಿ. ಹೆಚ್ಚು ಗುರುತು ಬಿದ್ದದ್ದು ಗೆಲ್ಲಲಿ.

ಅದೇ ಹೆಸರು, ಅಥವಾ ತೀರಾ ಹತ್ತಿರದ ಹೆಸರು, ಮೊದಲೇ ನೋಂದಣಿಯಾಗಿದ್ದರೆ ಕಚೇರಿಯಲ್ಲಿ ಅರ್ಜಿ ನಿಲ್ಲುತ್ತದೆ. ಸರ್ಕಾರದ್ದೆಂಬ ಭಾವನೆ ತರುವ ಪದಗಳಿಗೂ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಅಡ್ಡ ಬರುತ್ತದೆ. ಆದ್ದರಿಂದ ಎರಡನೇ ಸ್ಥಾನದ ಹೆಸರನ್ನೂ ಅದೇ ಠರಾವಿನಲ್ಲಿ, ಸೂಚಕರು ಅನುಮೋದಕರ ಸಹಿಯೊಂದಿಗೆ, ನಡಾವಳಿ ಪುಸ್ತಕಕ್ಕೆ ಏರಿಸಿಬಿಡಿ. ಮತ್ತೊಂದು ಸಭೆ ಕರೆಯುವುದು ತಪ್ಪುತ್ತದೆ.

ಇನ್ನು ಕಾಗುಣಿತ. ‘ಕ್ಷೇಮಾಭಿವೃದ್ಧಿ’ಯಲ್ಲಿ ದಕ್ಕೆ ಧ ಒತ್ತು, ಡಿ.ಟಿ.ಪಿ. ಅಂಗಡಿಯಲ್ಲಿ ಅದು ‘ವೃದ್ದಿ’ ಆಗಿಬಿಡುತ್ತದೆ. ಇಂಗ್ಲಿಷ್‌ನಲ್ಲಿ ದಾವಣಗೆರೆಯನ್ನು ‘ಣ’ದ ಮುಂದೆ ‘ಎ’ ಅಕ್ಷರ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಬೈಲಾದಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ವಾಪಸ್ ಕಳಿಸುತ್ತಾರೆ. ಎರಡೂ ಭಾಷೆಯ ಹೆಸರನ್ನು ಅದೇ ಸಭೆಯಲ್ಲಿ ಅಕ್ಷರ ಅಕ್ಷರ ಓದಿ ಹೇಳಿಸಿ, ಆಮೇಲೆ ಸಹಿ ಹಾಕಿಸಿ.